ಕಣ್ಣು ನಿಮ್ಮ ಕಡೆ ಅದಾವು

ಅಕ್ಕನ ಪತ್ರ ಯಾವಾಗಲೂ ಎಲೆಬಳ್ಳಿಯಿಂದ ಶುರುವಾಗುತ್ತದೆ. ಆ ಸಲವೂ ಹಾಗೆಯೇ. ತೋಟದ ಬಾವಿಯಲ್ಲಿ ನೀರು ಇಳಿದಿದೆ, ಬಳ್ಳಿಗೆ ರೋಗ ಬಿದ್ದಿದೆ, ಮಠದ ಆಚಾರ್ಯರ ಮಂಡಿನೋವು ಹೆಚ್ಚಾಗಿದೆ, ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗುತ್ತಿಲ್ಲ. ಇಷ್ಟೆಲ್ಲ ಆದಮೇಲೆ, ಕಾರ್ಡಿನಲ್ಲಿ ಜಾಗ ಸಾಲದೆ, ಅಂಚಿನಲ್ಲಿ ಅಡ್ಡಲಾಗಿ ಬರೆದ ಒಂದು ಸಾಲು: "ಚಿತ್ರಗಾರ ಕಾಕಾ ತೀರಿಕೊಂಡು ಹದಿನೈದು ದಿವಸ ಆತು. ಅವ್ವನ ಚಿತ್ರ ಹಂಗ ಉಳೀತು."

ಮುಂಬೈಯ ಚಾಳಿನ ಮೆಟ್ಟಿಲ ಮೇಲೆ ನಿಂತು ಅದನ್ನು ಓದಿದೆ. ನನಗೆ ಮೊದಲು ಆದದ್ದು ದುಃಖವಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಇನ್ನು ಆ ಮನುಷ್ಯನಿಗೆ ಮುಖ ತೋರಿಸುವ ಪ್ರಸಂಗ ಬರುವುದಿಲ್ಲವಲ್ಲ ಎಂದು ಒಂದು ಗಳಿಗೆ ನಿರಾಳವಾಯಿತು. ಆಮೇಲೆ ಆದದ್ದು ಇನ್ನೂ ಹೋಗಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ತಾವು ಬರೆದ ಒಂದು ಚಿತ್ರದ ಮೂಲೆಯಲ್ಲೂ ಅವರು ಹೆಸರು ಹಾಕಿದವರಲ್ಲ. ಈಗ ನಾನು ಹಾಕಿದರೆ ಅದೇನು ಉಪಕಾರವಾಗುವುದಿಲ್ಲ.

ನಮ್ಮೂರು ಸವಣೂರಿನ ಹಳೆಯ ಮಸೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಕುಳ್ಳು ಆಳು, ಒಣಕಲು ಮೈ, ಉಗುರ ಸಂದಿಯಲ್ಲಿ ಎಂದೂ ಹೋಗದ ಬಣ್ಣ, ಹೆಗಲ ಮೇಲೆ ಕೆಂಪಂಚಿನ ವಲ್ಲಿ. ಬೆವರು ಒರೆಸುವುದಕ್ಕೂ ಅದೇ, ಹಾಸಿ ಕೂಡುವುದಕ್ಕೂ ಅದೇ, ಬುತ್ತಿ ಕಟ್ಟುವುದಕ್ಕೂ ಅದೇ. ಅವರ ಕಸುಬು ತೀರಿಕೊಂಡವರ ಚಿತ್ರ ಬರೆಯುವುದು. ಆಗ ನಮ್ಮ ಕಡೆ ಫೋಟೋ ತೆಗೆಸಿದರೆ ಆಯುಷ್ಯ ಸವೆಯುತ್ತದೆ ಎಂದು ನಂಬಿದವರೇ ಬಹಳ. ಹಿರಿಯರು ಬದುಕಿರುವ ತನಕ ಅವರ ಮುಖ ಯಾರಿಗೂ ಬೇಕಾಗುತ್ತಿರಲಿಲ್ಲ. ಹದಿಮೂರು ದಿನ ಮುಗಿದು, ನೆಂಟರು ಹೊರಟುಹೋಗಿ, ಮನೆ ಬಿಕೋ ಎನ್ನತೊಡಗಿದಾಗ, ಮುಖ ಮರೆತುಹೋಗುತ್ತಿದೆಯಲ್ಲ ಎಂದು ಗಾಬರಿಯಾಗಿ ಸವಣೂರಿಗೆ ಚಕ್ಕಡಿ ಕಳಿಸುತ್ತಿದ್ದರು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಎಲ್ಲ ಕಡೆಯಿಂದ ಕರೆ ಬರುತ್ತಿತ್ತು.

ತಾವು ಕಣ್ಣಾರೆ ನೋಡದವರನ್ನು ಬರೆಯಲು ಅವರದೇ ಒಂದು ಪದ್ಧತಿ. ಮನೆಯ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂಡಿಸುವುದು. "ಸತ್ತವರು ಎಲ್ಲೂ ಹೋಗಿರೂದಿಲ್ರಿ. ಮೂಗು ಒಬ್ಬನ ಕಡೆ, ಗದ್ದ ಒಬ್ಬಾಕಿ ಕಡೆ ಇಟ್ಟ ಹೋಗಿರ್ತಾರ. ನಾ ಹೊಳ್ಳಿ ಒಂದ ಕಡೆ ಕೂಡಸ್ತೇನಿ, ಅಷ್ಟ," ಎನ್ನುತ್ತಿದ್ದರು. ಆಮೇಲೆ ಪ್ರಶ್ನೆಗಳು. ಎಲೆ ಅಡಿಕೆ ಯಾವ ದವಡೆಗೆ ಹಾಕಿಕೊಳ್ಳುತ್ತಿದ್ದರು? ಸಿಟ್ಟು ಬಂದರೆ ಮೊದಲು ಕೈ ಹೋಗುತ್ತಿದ್ದದ್ದು ಮೀಸೆಗೋ ಕೋಲಿಗೋ? ಉತ್ತರ ಹೇಳುತ್ತ ಹೇಳುತ್ತ ಅಣ್ಣತಮ್ಮಂದಿರು ಜಗಳಕ್ಕೆ ನಿಲ್ಲುವುದೂ ಇತ್ತು. ಕಾಕಾ ನಡುವೆ ಬರುತ್ತಿರಲಿಲ್ಲ. ಜಗಳದಲ್ಲಿ ಅಪ್ಪನ ಮುಖ ಮಕ್ಕಳಿಗೆ ತಾನಾಗಿ ಬರುತ್ತದೆ, ಆಗ ನೋಡಿಕೊಂಡುಬಿಡಬೇಕು ಎನ್ನುವುದು ಅವರ ಲೆಕ್ಕ.

ಕಣ್ಣು ಮಾತ್ರ ಕೊನೆಗೆ. ಸತ್ತವರ ಕಣ್ಣು ಯಾರಿಗೆ ಬಂದಿದೆಯೋ ಅವರು ಬೆಳಿಗ್ಗೆ ಮಿಂದು, ಏನೂ ತಿನ್ನದೆ, ಅವರ ಎದುರಿಗೆ ಒಂದು ತಾಸು ಕೂಡಬೇಕು. ಕಾಕಾನೂ ಉಪವಾಸ. ಮಾತಿಲ್ಲ. ಕಣ್ಣು ಬರೆದಾದ ಮೇಲೆ ಚಿತ್ರದ ಮುಂದೆ ಕನ್ನಡಿ ಹಿಡಿದು ಮೊದಲ ನೋಟವನ್ನು ಅದಕ್ಕೇ ತೋರಿಸಿ, ಆಮೇಲೆ ಮನೆಯವರನ್ನು ಕರೆಯುತ್ತಿದ್ದರು. ಅಲ್ಲಿಯವರೆಗೆ ಚಿತ್ರದ ಮೇಲೆ ಬಟ್ಟೆ ಹೊದಿಸಿರುತ್ತಿತ್ತು. ಕಣ್ಣು ತೆರೆಯದ ಮುಖವನ್ನು ಯಾರೂ ನೋಡಬಾರದು. ನೋಡಿದರೆ ಅದು ಸತ್ತವರ ಮರ್ಯಾದೆ ತೆಗೆದಂತೆ. ಈ ಒಂದು ವಿಷಯದಲ್ಲಿ ಅವರು ಗೌಡರನ್ನೂ ಬಿಟ್ಟವರಲ್ಲ, ಸ್ವಾಮಿಗಳನ್ನೂ ಬಿಟ್ಟವರಲ್ಲ.

ಚಿಕ್ಕೇರೂರಿನ ಕಡೆಯ ಒಬ್ಬ ದೊಡ್ಡ ಗೌಡರ ಚಿತ್ರದ ಕತೆಯನ್ನು ನಮ್ಮ ಕಡೆ ಇನ್ನೂ ಹೇಳುತ್ತಾರೆ. ಐವರು ಮಕ್ಕಳನ್ನು ಕೂಡಿಸಿದರೂ ಗೌಡರ ಗಿಣಿಮೂಗು ಯಾರ ಮುಖದಲ್ಲೂ ಸಿಗಲಿಲ್ಲ. ಮೂರನೆಯ ದಿನ ಕಾಕಾ ಹಿತ್ತಲಿಗೆ ಕೈ ತೊಳೆಯಲು ಹೋದವರು ಅಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ ಆಳನ್ನು ನೋಡಿದರು. ಒಳಗೆ ಬಂದು ಮೂಗು ಬರೆದು ಮುಗಿಸಿದರು. ಮನೆಯವರು ಚಿತ್ರ ನೋಡಿ ಮುಖ ಮುಖ ನೋಡಿಕೊಂಡರು. ಆ ಹೊತ್ತಿನ ಊಟವನ್ನೂ ಹಾಕಲಿಲ್ಲ, ಚಕ್ಕಡಿಯನ್ನೂ ಹೂಡಲಿಲ್ಲ. ಕಾಕಾ ಸವಣೂರಿಗೆ ನಡೆದು ಬಂದರು. "ಚಿತ್ರ ಮಾತ್ರ ಗ್ವಾಡಿ ಮ್ಯಾಲ ಐತಿ ನೋಡ್ರಿ. ಕೆಳಗ ಇಳಿಸಿಲ್ಲ," ಎಂದು ನಗುತ್ತಿದ್ದರು. ಜಂಬದ ಮನುಷ್ಯ. ತಮ್ಮ ಕೆಲಸದ ಮೇಲೆ ಬೆಟ್ಟದಷ್ಟು ಜಂಬ.

ಆದರೆ ಅಬಲೂರಿನ ಮುದುಕಿಯ ಮಾತು ಬಂದರೆ ನಗುತ್ತಿರಲಿಲ್ಲ. ಆಕೆಗೆ ಮಕ್ಕಳಿಲ್ಲ, ಗಂಡನ ಕಡೆಯವರೂ ಯಾರೂ ಉಳಿದಿರಲಿಲ್ಲ. ಗಂಡ ಹೇಗಿದ್ದರು ಎಂದು ಕೇಳಿದರೆ, "ನಲವತ್ತ ವರ್ಷದಾಗ ಮಾರಿ ಎತ್ತಿ ನೋಡೇ ಇಲ್ರೀ. ಪಾದ ಬೇಕಾದ್ರ ಹೇಳ್ತೇನಿ," ಎಂದಳಂತೆ. ಕಾಕಾ ಆಕೆ ಹೇಳಿದ ಪಾದ ಬರೆದರು, ಒಡೆದ ಹಿಮ್ಮಡಿಯ ಸಮೇತ. ಮೇಲೆ ಧೋತರದ ಅಂಚು, ಅಷ್ಟೇ. ಅದರ ಮೇಲಿನದನ್ನು ಬಿಟ್ಟುಬಿಟ್ಟರು. ಮುದುಕಿ ಆ ಪಾದಕ್ಕೇ ಹೂ ಏರಿಸುತ್ತಿದ್ದಳಂತೆ.

ನನ್ನ ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಪ್ಪನ ಕಣ್ಣು ಅಕ್ಕನಿಗೆ ಬಂದಿದ್ದವು, ಗದ್ದ ಕಕ್ಕನ ಮಗನಿಗೆ. ನನ್ನ ಪಾಲಿಗೆ ಬಂದದ್ದು ಕಿವಿ ಒಂದೇ. ಮನೆಯ ಕಟ್ಟೆಯ ಮೇಲೆ ಕೂತು ಕೂತು ಬೇಸರವಾಗಿ ಒದ್ದಾಡುತ್ತಿದ್ದರೆ ಕಾಕಾ, "ಅಲ್ಲಾಡಬ್ಯಾಡ ತಮ್ಮಾ, ನಿಮ್ಮಪ್ಪ ಅಲ್ಲಾಡತಾನ," ಎಂದರು. ನಾನು ಉಸಿರು ಬಿಗಿಹಿಡಿದು ಕೂತೆ. ಕೆಲಸ ಮುಗಿದ ಮೇಲೆ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. "ನಿನ್ನ ಕಣ್ಣು ಅವ್ವನವು. ಜ್ವಾಕಿ ಇಟಗೋ, ಮುಂದ ಬೇಕಾಗ್ತಾವು."

ಇನ್ನೂ ಉಳಿದಿದ್ದ ನೆಂಟರ ಹೆಂಗಸರು "ಬಿಡ್ತು ಅನ್ರಿ" ಎಂದು ಬಾಯಿಗೆ ಬಂದಂತೆ ಬೈದರು. ಅವ್ವ ಬೈಯಲಿಲ್ಲ. ಅಪ್ಪ ಹೋದ ಆ ದಿನಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಕಾಕಾ ನಮ್ಮ ಮನೆಯ ಕಡೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಡಿಯ ಮನೆ, ಅವರು ಒಳಗೆ ಬರುವಂತಿರಲಿಲ್ಲ. ಅವ್ವ ಮಜ್ಜಿಗೆ ತಂದು ಮೇಲಿನಿಂದ ಸುರಿಯುತ್ತಿದ್ದಳು, ಅವರು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಒಮ್ಮೆ ಅವ್ವ ಸುರಿಯುತ್ತಲೇ ಕೇಳಿದಳು: "ನಾ ಹೋದ ಮ್ಯಾಲೆ ನಂದೂ ಒಂದ ಬರೀತೀರೇನು? ಅವರ ಪಕ್ಕದಾಗ ಇರ್ಲಿ." ಕೆಂಪು ಸೀರೆಯ ಸೆರಗನ್ನು ಹಣೆಯ ತನಕ ಎಳೆದ ವಿಧವೆಯ ಚಿತ್ರ ಯಾರು ಬರೆಸುತ್ತಾರೆ? ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ. ಕಾಕಾ ಬಾಯಿ ಒರೆಸಿಕೊಂಡು, "ಮೊಳಿ ಹೊಡಿಸಿ ಇಡ್ರಿ," ಎಂದರು. ಅವ್ವ ಮರುದಿನವೇ ಅಪ್ಪನ ಚಿತ್ರದ ಪಕ್ಕದಲ್ಲಿ ಮೊಳೆ ಹೊಡೆಸಿದಳು.

ನಾನು ಕಾನೂನು ಓದಲು ಮುಂಬೈಗೆ ಹೋಗಿ, ಓದು ಮುಗಿಸಿ ಒಬ್ಬ ದೊಡ್ಡ ವಕೀಲರ ಕೈಕೆಳಗೆ ಸೇರಿದೆ. ಚಿತ್ರದ ಹುಚ್ಚಿನ ಗೆಳೆಯರು ಗಂಟುಬಿದ್ದರು. ಒಬ್ಬ ಗಿರಣಿ ಮಾಲೀಕರು ತಮ್ಮ ಬಂಗಲೆಯ ಮೇಲಂತಸ್ತನ್ನು ಹೊಸ ಕಾಲದ ಚಿತ್ರಗಳಿಗೆ ಬಿಟ್ಟುಕೊಟ್ಟು ಅದನ್ನು ಸಂಗ್ರಹಾಲಯ ಮಾಡಿದ್ದರು. ನನ್ನ ಗೆಳೆಯನೊಬ್ಬ ಅದರ ವ್ಯವಸ್ಥಾಪಕ. ಭಾನುವಾರಗಳಂದು ಅಲ್ಲಿಗೆ ಹೋಗಿ, ಕೈ ಹಿಂದೆ ಕಟ್ಟಿ, ತಲೆ ಓರೆ ಮಾಡಿ ನಿಲ್ಲುವುದನ್ನು ಕಲಿತೆ. ಅರ್ಥವಾಗುತ್ತಿತ್ತೇ ಎಂದರೆ ಇಲ್ಲ. ಅರ್ಥವಾಗದವನಂತೆ ಕಾಣದಿರುವುದನ್ನು ಮಾತ್ರ ಚೆನ್ನಾಗಿ ಕಲಿತೆ. ರಜೆಗೆ ಊರಿಗೆ ಬಂದಾಗ ಕಾಕಾನ ಮುಂದೆ ಜಂಬ ಕೊಚ್ಚಿದೆ. ಒಂದೇ ಮನೆಯಲ್ಲಿ ನೂರಾರು ಚಿತ್ರ, ನೋಡಲೆಂದೇ ಜನ ಬರುತ್ತಾರೆ, ನೀವೂ ಒಮ್ಮೆ ಬರಬೇಕು ಎಂದೆ. ಬಾಯಿಮಾತಿಗೆ ಅಂದದ್ದು. ಅವರು ಅದನ್ನು ನಿಜವೆಂದು ತಿಳಿದರು.

ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ದೀಪಾವಳಿಯ ಆಚೆ, ಒಂದು ಬೆಳಿಗ್ಗೆ ಚಾಳಿನ ಬಾಗಿಲಲ್ಲಿ ಕಾಕಾ. ಪುಣೆಯಲ್ಲಿ ಗಾಡಿ ಬದಲಿಸಿ, ಇಡೀ ದಾರಿ ನಿಂತೇ ಬಂದಿದ್ದರು. ಕೈಯಲ್ಲಿ ಅವ್ವ ಕೊಟ್ಟ ಗಂಟು: ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಸವಣೂರಿನ ಖಾರ. "ತಮ್ಮಾ, ಬಂದೆ ನೋಡ. ಎಲ್ಲಿ ಐತಿ ನಿನ್ನ ಚಿತ್ರದ ಮನಿ?"

ಸಂಗ್ರಹಾಲಯದ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟರು. ಬೇಡವೆಂದರೂ ಕೇಳಲಿಲ್ಲ. ಒಳಗೆ ಒಂದೊಂದು ಚಿತ್ರದ ಮುಂದೆಯೂ ನಿಂತು ಮೆಲ್ಲಗೆ ಕೇಳುತ್ತಿದ್ದರು: "ಇವರು ಯಾರ ಮನಿಯವರು?" ಗೋಡೆಯ ಮೇಲೆ ತೂಗುಹಾಕಿದ್ದು ಅಂದಮೇಲೆ ಯಾರದೋ ಮನೆಯ ಹಿರಿಯರೇ ಇರಬೇಕು. ನಾಲ್ಕೇ ಗೆರೆಯಲ್ಲಿ ಬರೆದ ಒಂದು ಎಮ್ಮೆಯ ಮುಂದೆ ಮಾತ್ರ ಬಹಳ ಹೊತ್ತು ನಿಂತರು. "ಇಂವಾ ಎಮ್ಮಿ ಮೈ ತೊಳದಾಂವ ಇರಬೇಕ ತಮ್ಮಾ. ಬೆನ್ನ ಗೊತ್ತೈತಿ ಇವಗ," ಎಂದರು. ಅಷ್ಟು ಭಾನುವಾರ ತಲೆ ಓರೆ ಮಾಡಿ ನಿಂತರೂ ನನಗೆ ಅಂಥ ಒಂದು ಮಾತು ಹೊಳೆದಿರಲಿಲ್ಲ. ಗೆಳೆಯನಿಗೆ ಕೇಳಿಸೀತೆಂದು ನಾನು ಮುಂದೆ ಸರಿದೆ.

ಒಳಕೋಣೆಯ ನಡುಗೋಡೆಯಲ್ಲಿ ಆ ವರ್ಷದ ಹೆಸರಾದ ಚಿತ್ರ. ದೊಡ್ಡ ಹೆಂಗಸಿನ ಮುಖ. ಕಣ್ಣಿರಬೇಕಾದಲ್ಲಿ ಎರಡು ಖಾಲಿ ಗುಳಿ, ಬರೀ ಬಣ್ಣ. ಸುತ್ತ ಹತ್ತು ಹನ್ನೆರಡು ಜನ ನಿಂತು ಮಾತಾಡುತ್ತಿದ್ದರು, ನನ್ನ ಗೆಳೆಯನೂ ಇದ್ದ. ಕಾಕಾ ಹೊಸ್ತಿಲಲ್ಲೇ ತಡೆದು ನಿಂತು ಮುಖ ಆಚೆ ತಿರುಗಿಸಿದರು. "ಇವರ ಮನ್ಯಾಗಿಂದ ಯಾರೂ ಬರಲಿಲ್ಲೇನು, ಕಣ್ಣ ಕೊಡಾಕ?" ಎಂದು ಕೇಳಿದರು. ನಾನು ಗೆಳೆಯನ ಕಡೆ ನೋಡಿದೆ. ಅವರು ಜನರನ್ನೆಲ್ಲ ಒಮ್ಮೆ ನೋಡಿದರು, ಹೆಗಲ ವಲ್ಲಿ ತೆಗೆದರು, ಕೊಡವಿದರು, ನೇರ ಹೋಗಿ ತುದಿಗಾಲಲ್ಲಿ ನಿಂತು ಆ ಚಿತ್ರದ ಮೇಲೆ ಹೊದಿಸಿಬಿಟ್ಟರು. ಹೊದಿಸಿ ಕೈಮುಗಿದರು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಗು. ಕಾವಲುಗಾರ ಓಡಿ ಬಂದು ವಲ್ಲಿ ಕಿತ್ತು ನೆಲಕ್ಕೆ ಎಸೆದ, ಕಾಕಾನ ರಟ್ಟೆ ಹಿಡಿದ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಗುತ್ತ, "ನಿನ್ನ ಜೊತೆ ಬಂದವನೇ?" ಎಂದು ನನ್ನನ್ನು ಕೇಳಿದ. ನಾನೂ ನಕ್ಕೆ. ಬಲವಂತದಿಂದಲ್ಲ, ಮನಸಾರೆ, ನಾನು ಅವರ ಕಡೆಯವನಲ್ಲ ಎಂದು ಎಲ್ಲರಿಗೂ ತಿಳಿಯಲಿ ಎಂದು ನಕ್ಕೆ. ಕಾವಲುಗಾರನಿಗೆ ಹಿಂದೂಸ್ತಾನಿಯಲ್ಲಿ, "ಬಿಟ್ಟುಬಿಡು, ನಮ್ಮೂರಲ್ಲಿ ಅಂಗಡಿ ಬೋರ್ಡು ಬರೆಯುವವನು, ತಲೆ ಸ್ವಲ್ಪ ಸಡಿಲ," ಎಂದೆ. ಕನ್ನಡದಲ್ಲಿ ಹೇಳಲಿಲ್ಲವಲ್ಲ, ಅವರಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡೆ. ಮಸೀದಿಯ ಓಣಿಯಲ್ಲಿ ಹುಟ್ಟಿ ಬೆಳೆದ, ನವಾಬರ ಮನೆತನದವರೊಡನೆ ಉರ್ದುವಿನಲ್ಲಿ ಹರಟುತ್ತಿದ್ದ ಮನುಷ್ಯ! ಅದು ನನಗೆ ನೆನಪಾದದ್ದು ಅವರು ಬಗ್ಗಿ ವಲ್ಲಿ ಎತ್ತಿಕೊಂಡು ನನ್ನನ್ನು ನೋಡಿದಾಗ.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. "ನಡೀರಿ ರಾಯರ, ನಿಮಗ ಹೊತ್ತಾಗತೈತಿ," ಎಂದರು. ಒಂಬತ್ತು ವರ್ಷದವನಿದ್ದಾಗಿನಿಂದ ನನ್ನನ್ನು ತಮ್ಮಾ ಎಂದವರು ಅಂದಿನಿಂದ ಮತ್ತೆ ಒಮ್ಮೆಯೂ ಹಾಗೆ ಕರೆಯಲಿಲ್ಲ. ಊರಿಗೆ ಹೋಗಿ ಅವ್ವನಿಗೆ ಹೇಳಿದ್ದು ಇಷ್ಟೇ ಅಂತೆ: "ಮಗ ಚಲೋ ಅದಾರ. ದೊಡ್ಡ ಮಂದಿ ನಡಕ ಅದಾರ."

ಯುದ್ಧದ ಎರಡನೆಯ ವರ್ಷ ಅವ್ವ ಹೋದಳು. ಅಕ್ಕನ ಗಂಡ ಮಠದ ಪಾಠಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಅಕ್ಕ ಅಲ್ಲೇ, ನಮ್ಮ ಮನೆಯಲ್ಲೇ ಇದ್ದಳು. ಅವಳೇ ಕೊನೆಯ ತನಕ ನೋಡಿಕೊಂಡಳು. ನಾನು ಬಂದು ಮಗನ ಕರ್ಮ ಮಾಡಿದೆ. ಹದಿಮೂರನೆಯ ದಿನ ಸಂಜೆ ಕಾಕಾ ಬಂದು ಕಟ್ಟೆಯ ಕೆಳಗೆ ನಿಂತರು. ಕೂಡಲಿಲ್ಲ. "ರಾಯರ, ಒಂದ ನಾಲ್ಕ ದಿನ ಇದ್ದ ಹೋಗ್ರಿ. ಅವ್ವಾರಿಗೆ ಮಾತ ಕೊಟ್ಟೇನಿ." ಕೋರ್ಟಿನ ಕೆಲಸವಿದೆ, ಮುಂದಿನ ತಿಂಗಳು ಬರುತ್ತೇನೆ ಎಂದೆ. ಕೋರ್ಟಿಗೆ ಆಗ ರಜೆ ಇತ್ತು. ಅವರ ಎದುರಿಗೆ ಒಂದು ತಾಸು, ಮಾತಿಲ್ಲದೆ, ಕಣ್ಣಲ್ಲಿ ಕಣ್ಣಿಟ್ಟು ಕೂಡುವ ಧೈರ್ಯ ನನಗಿರಲಿಲ್ಲ. ಇದ್ದದ್ದು ಇಷ್ಟೇ ವಿಷಯ.

ಆಮೇಲೆ ಅವರ ಕಾರ್ಡುಗಳು ಬಂದವು. ಹಲಗೆಗೆ ಬಟ್ಟೆ ಅಂಟಿಸಿ ಆಯಿತು. ಮೂಗು ಅಕ್ಕನ ಮಗಳದು ಕೂಡಿತು. ಕೈ, ನಿಮ್ಮ ಸೋದರತ್ತೆ ಬಂದಿದ್ದರು, ಅವರು ನೆನಪು ಮಾಡಿ ತೋರಿಸಿದರು. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಗಾಡಿಗಳಲ್ಲಿ ಸಿಪಾಯಿಗಳೇ ತುಂಬಿರುತ್ತಾರೆ, ಜಾಗ ಸಿಗುವುದಿಲ್ಲ ಎಂದು ಅಕ್ಕನಿಗೆ ಬರೆದೆ. ಕುಣಿಯಲಾರದವನಿಗೆ ನೆಲ ಡೊಂಕು. ಕೊನೆಯ ಕಾರ್ಡಿನಲ್ಲಿ ಎರಡೇ ಸಾಲು: "ಎಲ್ಲಾ ಆಗೇತ್ರಿ. ಕಣ್ಣು ನಿಮ್ಮ ಕಡೆ ಅದಾವು, ತಗೊಂಡ ಬರ್ರಿ."

ಅದಕ್ಕೆ ಉತ್ತರ ಬರೆದೆ. ಆ ಉತ್ತರವನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. "ಕಣ್ಣಿಲ್ಲದಿದ್ದರೂ ನಡೆಯುತ್ತದೆ ಕಾಕಾ. ಈಗ ಮುಂಬೈಯಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಾರೆ, ನೀವೇ ನೋಡಿದ್ದೀರಲ್ಲ." ಬರೆದಾಗ ಚೇಷ್ಟೆ ಅನ್ನಿಸಿತ್ತು, ಹಳೆಯ ಪ್ರಸಂಗವನ್ನು ನಗೆಯಲ್ಲಿ ತೇಲಿಸಿಬಿಟ್ಟೆ ಎಂದು ಹಗುರವೂ ಆಗಿತ್ತು. ಅವರು ಮತ್ತೆ ಬರೆಯಲಿಲ್ಲ. ವರ್ಷ ತುಂಬುವುದರೊಳಗೆ ಅಕ್ಕನ ಆ ಪತ್ರ ಬಂತು. ವಿಷಮಜ್ವರ ಬಂದು ಎಂಟೇ ದಿನದಲ್ಲಿ ಹೋದರಂತೆ.

ಆ ಚಳಿಗಾಲದಲ್ಲಿ ಊರಿಗೆ ಹೋದೆ. ಗಾಡಿಯಲ್ಲಿ ಜಾಗ ಸಿಕ್ಕಿತು. ಸಂಗ್ರಹಾಲಯದ ಗೆಳೆಯನಿಗೆ ಹಾನಗಲ್ಲಿನ ಗುಡಿಯ ಶಿಲ್ಪ ನೋಡಬೇಕಿತ್ತು, ಅವನೂ ಜೊತೆಗಿದ್ದ. ಅವ್ವನ ಚಿತ್ರವನ್ನು ಅಕ್ಕ ಕಾಕಾನ ಮನೆಯಿಂದ ತಂದು ದೇವರಮನೆಯ ಹೊರಗಿನ ಗೂಡಿನಲ್ಲಿ ಗೋಡೆಗೆ ಆನಿಸಿ ಇಟ್ಟಿದ್ದಳು. ಮೇಲೆ ಅದೇ ಕೆಂಪಂಚಿನ ವಲ್ಲಿ. ಮೊಳೆ ಖಾಲಿಯೇ ಇತ್ತು. ನಾನು ಕೈ ಹಾಕಲು ಹಿಂದೆ ಮುಂದೆ ನೋಡುತ್ತಿರುವಾಗ ಗೆಳೆಯ ಬಂದು ವಲ್ಲಿ ಸರಿಸಿಬಿಟ್ಟ.

ಅವ್ವನೇ. ಎಲೆ ಹಾಕದ ಬಾಯಿ, ಬಲಕ್ಕೆ ಒಂದಿಷ್ಟು ವಾಲಿದ ಕುತ್ತಿಗೆ, ಹಣೆಯ ಮೇಲೆ ಸೆರಗಿನ ಮಡಿಕೆ, ಮಜ್ಜಿಗೆಯ ತಂಬಿಗೆ ಹಿಡಿದ ಕೈ. ಕಣ್ಣಿರಬೇಕಾದಲ್ಲಿ ಏನೂ ಇಲ್ಲ. ಬಟ್ಟೆಯ ಬಿಳಿ.

"ವಾಹ್!" ಎಂದ ಗೆಳೆಯ. ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿದ. "ಯಾರಿದು ಬರೆದದ್ದು? ಕಣ್ಣು ಬಿಟ್ಟಿದ್ದಾನಲ್ಲ, ಅದೇ ಇದರ ಜೀವ. ಇದು ನಮ್ಮ ನಡುಗೋಡೆಗೆ ಬರಬೇಕು. ಕೊಡಿಸು."

ಅಂದು ಚಿತ್ರದ ಮೇಲೆ ವಲ್ಲಿ ಹೊದಿಸಿದ್ದರಲ್ಲ, ಅವರು ಬರೆದದ್ದು ಎಂದೆ. "ಯಾವ ವಲ್ಲಿ? ಯಾವಾಗ?" ಎಂದು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡ. ಅವನಿಗೆ ನೆನಪೇ ಇರಲಿಲ್ಲ! ಯಾರ ಮುಂದೆ ಮಾನ ಉಳಿಸಿಕೊಳ್ಳಲು ಕಾಕಾನನ್ನು ಹುಚ್ಚನೆಂದೆನೋ, ಆ ಮನುಷ್ಯ ಅದನ್ನು ಅಂದೇ ಮರೆತುಬಿಟ್ಟಿದ್ದ. ಅಕ್ಕ ಒಳಗಿನಿಂದ ಬಂದು, ನನ್ನ ಮುಖ ಕೂಡ ನೋಡದೆ, ತನ್ನ ಸೀರೆಯೊಂದನ್ನು ಮಡಚಿ ಚಿತ್ರದ ಮೇಲೆ ಹೊದಿಸಿ ಹೋದಳು. ಕೊಡುವುದಿಲ್ಲ ಎಂದು ಗೆಳೆಯನಿಗೆ ಹೇಳಿದೆ. ಅವನು ಬೇಸರಪಟ್ಟುಕೊಂಡು ಹಾನಗಲ್ಲಿಗೆ ಹೋದ.

ವಲ್ಲಿ ಕೆಳಗೆ ಬಿದ್ದಿತ್ತು. ಅದನ್ನಾದರೂ ಮುಟ್ಟಿಸಿ ಬರೋಣವೆಂದು ಮಡಚಿಕೊಂಡು ಮಸೀದಿಯ ಹಿಂದಿನ ಓಣಿಗೆ ಹೋದೆ. ಕಾಕಾನ ಹೆಂಡತಿ ಬಾಗಿಲಲ್ಲಿ ಕೂತು ಹುಣಸೆ ಬೀಜ ಒಡೆಯುತ್ತಿದ್ದರು. ಬಣ್ಣದ ಅಂಟಿಗೆ ಬೇಕಾಗುತ್ತಿದ್ದ ಬೀಜ. ಈಗ ಯಾಕೆ ಒಡೆಯುತ್ತಿದ್ದರೋ, ಕೈ ಬಿಟ್ಟಿರಲಿಲ್ಲ. "ಬರ್ರಿ ರಾಯರ, ಕುಂದರ್ರಿ," ಎಂದರು. ಕೂತವನು, ನನ್ನ ತಪ್ಪಿನ ಭಾರವನ್ನು ಅರ್ಧವಾದರೂ ಇಳಿಸುವ ಆಸೆಯಿಂದ, ಒಂದು ಮಾತು ಕೇಳಿದೆ. ಕಾಕಾ ಅವ್ವನನ್ನು ಇಪ್ಪತ್ತು ವರ್ಷ ನೋಡಿದವರು. ನಾನು ಬಾರದಿದ್ದರೂ ಕಣ್ಣು ಬರೆಯಬಹುದಿತ್ತಲ್ಲ?

ಆಕೆ ಬೀಜ ಒಡೆಯುವುದನ್ನು ನಿಲ್ಲಿಸಲಿಲ್ಲ.

"ನಾನೂ ಹಂಗ ಅಂದ್ನಿರಿ. ಹತ್ತ ಸಲ ಅಂದ್ನಿ. 'ಆಕೀ ಕಣ್ಣು ನನಗ ಬಾಯಿಪಾಠ ಐತಿ. ಇಪ್ಪತ್ತ ವರ್ಷ ಆಕೀ ಕೈಲೆ ಮಜ್ಜಿಗಿ ಕುಡದೇನಿ, ಮಾರಿ ಮ್ಯಾಲೆತ್ತಿ. ಈಗಿಂದೀಗ ಬರೀತೇನಿ' ಅಂದ್ರು. 'ಮತ್ಯಾಕ ಬರಿಯೂದಿಲ್ಲ?' ಅಂದ್ನಿ. 'ತಮ್ಮ ಬರ್ಲಿ. ಒಂದ ತಾಸು ನನ್ನ ಮಾರಿ ನೋಡಿ ಕುಂದರ್ಲಿ' ಅಂದ್ರು. ಜ್ವರದಾಗೂ ಅದನ್ನ ಅಂದ್ರು."

ತಮ್ಮ ಎಂದಿದ್ದರು, ನನ್ನ ಹಿಂದೆ, ಮನೆಯೊಳಗೆ.

ವಲ್ಲಿಯನ್ನು ಅವರ ಮುಂದೆ ಇಟ್ಟೆ. ಆಕೆ ಅದನ್ನು ನೋಡಿದರು, ಬೀಜದ ಪುಡಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

"ಒಯ್ರಿ ರಾಯರ. ನಿಮಗ ಮುಚ್ಚಾಕ ಬೇಕಾಗತೈತಿ."